ಉರಿಗೂ ನೋವಿಗೂ ನಡುವಿನ ಅಂತರ

ಬದಿಯಡ್ಕದ ಆಚೆಯ ಒಂದು ಹಳ್ಳಿಯ ಅಜ್ಜಿಯೊಬ್ಬರು ಕಳೆದ ಮಳೆಗಾಲದ ಕೊನೆಯಲ್ಲಿ ಆಸ್ಪತ್ರೆಗೆ ಹೊರಟಾಗ ಜೊತೆಗೆ ಮೊಮ್ಮಗನನ್ನು ಕರೆದುಕೊಂಡು ಹೋದರು. ಮಗ ಕೊಲ್ಲಿಯಲ್ಲಿದ್ದಾನೆ, ಸೊಸೆಗೆ ಅಂದು ಬೀಡಿಯ ಲೆಕ್ಕ ಒಪ್ಪಿಸುವ ದಿನ. ಹುಡುಗ ಕನ್ನಡ ಮಾಧ್ಯಮದ ಏಳನೆಯ ತರಗತಿಯವನು. ಅಜ್ಜಿಗೆ ಸಕ್ಕರೆ ಕಾಯಿಲೆ ಹಿಡಿದು 15 ವರ್ಷಗಳು ಕಳೆದಿವೆ. ತೆಂಕಣ ಜಿಲ್ಲೆಯಿಂದ ಹೊಸದಾಗಿ ಬಂದಿದ್ದ ವೈದ್ಯರು ಸಜ್ಜನರು, ಆದರೆ ಬಾಗಿಲ ಹೊರಗೆ ಸಾಲು ಬಹಳ ಉದ್ದವಿತ್ತು. ಏನು ತೊಂದರೆಯೆಂದು ಅವರು ಮಲಯಾಳದಲ್ಲಿ ಕೇಳಿದರು. ಅಜ್ಜಿ ತಮ್ಮ ಮಾತಿನಲ್ಲಿ ಹೇಳಿದರು: "ಕಾಲಿನ ಅಡಿ ಉರೀತದೆ. ಜೋಮು ಹಿಡಿದ ಹಾಗೆ. ರಾತ್ರಿಯಾದರೆ ಇರುವೆ ಹರಿದ ಹಾಗೆ ಆಗ್ತದೆ. ಹೊದಿಕೆ ತಾಗಿದರೂ ತಡೀಲಿಕ್ಕೆ ಆಗುವುದಿಲ್ಲ."

ಹುಡುಗನಿಗೆ ತಿಳಿದಿದ್ದ ಮಲಯಾಳ ಅಂಗಡಿಯದು, ಬಸ್ಸಿನದು. ಅವನು ಅಜ್ಜಿಯ ನಾಲ್ಕು ವಾಕ್ಯಗಳನ್ನು ಎರಡು ಪದಗಳಿಗೆ ಇಳಿಸಿದ: "ಕಾಲ್ ವೇದನ." ವೈದ್ಯರು ಚೀಟಿಯಲ್ಲಿ ಕಾಲು ನೋವೆಂದು ಬರೆದರು; ನೋವಿನ ಮಾತ್ರೆ ಕೊಟ್ಟರು. ಅಜ್ಜಿ ಅದನ್ನು ನುಂಗಿದರು. ಮುಗಿದಾಗ ಅದೇ ಚೀಟಿಯನ್ನು ಔಷಧದ ಅಂಗಡಿಯಲ್ಲಿ ತೋರಿಸಿ ಮತ್ತೆ ಕೊಂಡರು. ಹೀಗೆ ನಾಲ್ಕು ತಿಂಗಳು ಕಳೆದವು. ಉರಿ ಒಂದು ರಾತ್ರಿಯೂ ಇಳಿಯಲಿಲ್ಲ.

ಇಲ್ಲಿ ತಪ್ಪು ವೈದ್ಯರದೆಂದು ಹೇಳುವುದು ಸುಲಭ, ಆದರೆ ನ್ಯಾಯವಲ್ಲ. ಹನ್ನೆರಡು ವರ್ಷದ ಬಾಲಕನ ಮೇಲೆ ಹೊರಿಸುವುದಂತೂ ಇನ್ನೂ ಅನ್ಯಾಯ. ನಡೆದದ್ದಿಷ್ಟು: ಅಜ್ಜಿ ನುಡಿದ ಸಾಕ್ಷ್ಯ ದಾರಿಯಲ್ಲಿ ಕಳೆದುಹೋಯಿತು. ಆ ಸಾಕ್ಷ್ಯ ಎಷ್ಟು ಬೆಲೆಯುಳ್ಳದ್ದಾಗಿತ್ತು ಎಂಬುದನ್ನು ಅರಿಯಬೇಕಾದರೆ ನೋವು ದೇಹದಲ್ಲಿ ಹುಟ್ಟುವ ಬಗೆಯನ್ನು ಸ್ವಲ್ಪ ನೋಡಬೇಕಾಗುತ್ತದೆ.

ಕತ್ತಲೆಯಲ್ಲಿ ನಡೆಯುವಾಗ ಕಾಲ್ಬೆರಳು ಹೊಸ್ತಿಲಿಗೆ ಬಡಿಯಿತೆನ್ನೋಣ. ಮೊದಲು ಚುರುಕ್ಕೆಂದು ಒಂದು ತೀಕ್ಷ್ಣ ನೋವು. ಅದು ಎಲ್ಲಿ ಎಂಬುದು ಬೆರಳಿಟ್ಟು ತೋರಿಸುವಷ್ಟು ಸ್ಪಷ್ಟ. ಒಂದೆರಡು ಕ್ಷಣ ಕಳೆದ ಮೇಲೆ ಇನ್ನೊಂದು ನೋವು ಬರುತ್ತದೆ. ಮಂದವಾದ, ಹರಡಿಕೊಳ್ಳುವ, ಬೇಗ ಹೋಗದ ನೋವು. ಒಂದೇ ಪೆಟ್ಟಿಗೆ ಎರಡು ನೋವು ಹೇಗೆಂದರೆ, ಸುದ್ದಿಯನ್ನು ಒಯ್ಯುವ ನರತಂತುಗಳೇ ಎರಡು ಬಗೆಯವು. ಎ-ಡೆಲ್ಟಾ ಎಂಬ ತಂತುಗಳಿಗೆ ಕೊಬ್ಬಿನ ತೆಳುವಾದ ಹೊದಿಕೆಯಿದೆ. ಅವುಗಳಲ್ಲಿ ಸಂದೇಶ ಸೆಕೆಂಡಿಗೆ 5ರಿಂದ 30 ಮೀಟರ್ ವೇಗದಲ್ಲಿ ಓಡುತ್ತದೆ. ಸಿ ಎಂಬ ತಂತುಗಳಿಗೆ ಆ ಹೊದಿಕೆಯಿಲ್ಲ. ಅವುಗಳ ವೇಗ ಸೆಕೆಂಡಿಗೆ ಹೆಚ್ಚೆಂದರೆ 2 ಮೀಟರ್. ಮನುಷ್ಯ ನಡೆಯುವ ವೇಗಕ್ಕೂ ಅದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ಕಾಲ್ಬೆರಳಿನಿಂದ ತಲೆಯವರೆಗಿನ ದಾರಿಯನ್ನು ಅದು ಕ್ರಮಿಸುವಾಗ ಅಷ್ಟು ಹೊತ್ತು ಆಗಲೇಬೇಕು.

ಈ ತಂತುಗಳ ತುದಿಯಲ್ಲಿ ಸಣ್ಣ ಬಾಗಿಲುಗಳಂತಹ ಪ್ರೊಟೀನುಗಳಿವೆ. ಒಂದೊಂದು ಬಾಗಿಲು ಒಂದೊಂದು ಬಗೆಯ ಅಪಾಯಕ್ಕೆ ತೆರೆಯುತ್ತದೆ. ಅವುಗಳಲ್ಲಿ ಒಂದರ ಕಥೆ ಅಡುಗೆಮನೆಗೆ ಸಂಬಂಧಿಸಿದ್ದು. ಮೆಣಸಿನ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಎಂಬ ವಸ್ತು ನರವನ್ನು ಹೇಗೆ ಕೆರಳಿಸುತ್ತದೆ ಎಂಬುದನ್ನು ಅಮೆರಿಕದ ಡೇವಿಡ್ ಜೂಲಿಯಸ್ ಮತ್ತು ಸಂಗಡಿಗರು ಹುಡುಕಿದರು. ಅವರು 1997ರಲ್ಲಿ ಪತ್ತೆಹಚ್ಚಿದ, ಇಂದು ಟಿಆರ್‌ಪಿವಿ1 ಎಂದು ಕರೆಯಲ್ಪಡುವ ಗ್ರಾಹಕ ಮೆಣಸಿಗಷ್ಟೇ ಅಲ್ಲ, ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಗೂ ತೆರೆಯುತ್ತಿತ್ತು. ಗಾಂಧಾರಿ ಮೆಣಸನ್ನು ಕಡಿದ ನಾಲಗೆಗೂ ಕೆಂಡ ಸೋಕಿದ ಬೆರಳಿಗೂ ಒಂದೇ ಬಾಗಿಲು. ಈ ಸಂಶೋಧನೆಗೆ 2021ರಲ್ಲಿ ನೊಬೆಲ್ ಪುರಸ್ಕಾರ ದೊರೆಯಿತು. ಸ್ಪರ್ಶದ ಗ್ರಾಹಕಗಳನ್ನು ಕಂಡುಹಿಡಿದ ಆರ್ಡೆಮ್ ಪಟಪೂಟಿಯನ್ ಅದರಲ್ಲಿ ಪಾಲುದಾರರು. ಕನ್ನಡದಲ್ಲಿ ಮಾತ್ರ ಮೆಣಸು ತಿಂದರೂ ಬಾಯಿ 'ಉರಿ', ಬೆಂಕಿ ತಾಗಿದರೂ ಕೈ 'ಉರಿ'. ಭಾಷೆ ಈ ನಂಟನ್ನು ಪ್ರಯೋಗಶಾಲೆಗಿಂತ ಬಹಳ ಮೊದಲೇ ಗುರುತಿಸಿ ಇಟ್ಟುಕೊಂಡಿತ್ತು.

ಹಾಗೆಂದು ನೋವು ತುದಿಯಲ್ಲೇ ನಿರ್ಧಾರವಾಗಿಬಿಡುವುದಿಲ್ಲ. ಸುದ್ದಿ ಮೊದಲು ಬೆನ್ನುಹುರಿಯನ್ನು ತಲುಪಬೇಕು. ಅಲ್ಲಿ ಅದನ್ನು ಮೇಲಕ್ಕೆ ಬಿಡಬೇಕೋ ತಡೆಯಬೇಕೋ ಎಂಬ ವಿಚಾರಣೆ ನಡೆಯುತ್ತದೆ. ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ಇಬ್ಬರು ವಿಜ್ಞಾನಿಗಳು 1965ರಲ್ಲಿ ಇದನ್ನು ಒಂದು ದ್ವಾರಕ್ಕೆ ಹೋಲಿಸಿದರು. ಸ್ಪರ್ಶವನ್ನು ಒಯ್ಯುವ ದಪ್ಪ ತಂತುಗಳು ಚುರುಕಾದರೆ ಆ ದ್ವಾರ ಅರ್ಧ ಮುಚ್ಚುತ್ತದೆ. ಬಿದ್ದ ಮಗುವಿನ ಮೊಣಕಾಲನ್ನು ತಾಯಿ ತಿಕ್ಕಿದಾಗ ಅಳು ತಗ್ಗುವುದರ ಹಿಂದೆ ವಾತ್ಸಲ್ಯವೊಂದೇ ಅಲ್ಲ, ಈ ಏರ್ಪಾಡೂ ಇದೆ. ಅವರ ಸಿದ್ಧಾಂತದ ಹಲವು ವಿವರಗಳು ಮುಂದೆ ತಿದ್ದುಪಡಿ ಕಂಡವು. ಮೂಲ ಮಾತು ಉಳಿಯಿತು. ಮೇಲಿನಿಂದಲೂ, ಅಂದರೆ ಮೆದುಳಿನಿಂದಲೂ, ಬೆನ್ನುಹುರಿಗೆ ಇಳಿದು ಬಂದು ನೋವನ್ನು ತಗ್ಗಿಸುವ ಅಥವಾ ಏರಿಸುವ ದಾರಿಗಳಿವೆ.

ಆದುದರಿಂದ ಗಾಯದ ಗಾತ್ರ ನೋವಿನ ಅಳತೆಯಾಗಲಾರದು. ಗಾಯವಿದ್ದೂ ನೋವಿಲ್ಲದವರಿದ್ದಾರೆ. ಪಾಕಿಸ್ತಾನದ ಉತ್ತರ ಭಾಗದ ಕೆಲವು ಕುಟುಂಬಗಳಲ್ಲಿ ಹುಟ್ಟಿನಿಂದಲೇ ನೋವಿನ ಅರಿವಿಲ್ಲದ ಮಕ್ಕಳಿದ್ದ ಸಂಗತಿ 2006ರಲ್ಲಿ ಪ್ರಕಟವಾಯಿತು. ಸೋಡಿಯಂ ಹರಿಯುವ ಒಂದು ಕಾಲುವೆಯನ್ನು ರೂಪಿಸುವ ವಂಶವಾಹಿ ಅವರಲ್ಲಿ ಕೆಟ್ಟಿತ್ತು. ಅವರಲ್ಲೊಬ್ಬ ಬಾಲಕ ಬೀದಿಯಲ್ಲಿ ಕೆಂಡದ ಮೇಲೆ ನಡೆದು, ತೋಳಿಗೆ ಕತ್ತಿ ಚುಚ್ಚಿಕೊಂಡು ಪ್ರದರ್ಶನ ಕೊಡುತ್ತಿದ್ದ. ಹದಿನಾಲ್ಕು ತುಂಬುವ ಮೊದಲೇ, ಮನೆಯ ಮಾಡಿನಿಂದ ಹಾರಿ, ಸತ್ತುಹೋದ. ನೋವಿಲ್ಲದಿರುವುದು ವರವಲ್ಲ ಎಂಬುದಕ್ಕೆ ಬೇರೆ ನಿದರ್ಶನ ಬೇಡ. ಇದಕ್ಕೆ ವಿರುದ್ಧವಾಗಿ, ಅಂಗವೇ ಇಲ್ಲದೆ ನೋವನ್ನು ಅನುಭವಿಸುವವರಿದ್ದಾರೆ. ಕತ್ತರಿಸಿ ತೆಗೆದ ಕಾಲಿನ ಪಾದ ಉರಿಯುತ್ತದೆ, ಬೆರಳು ಸೆಳೆಯುತ್ತದೆ ಎನ್ನುವ ರೋಗಿಗಳನ್ನು ವೈದ್ಯಶಾಸ್ತ್ರ ಹದಿನಾರನೆಯ ಶತಮಾನದಿಂದಲೂ ಬಲ್ಲದು. ಇಲ್ಲದ ಪಾದವನ್ನು ಯಾವ ಎಕ್ಸ್‌ರೇ ತೋರಿಸೀತು?

ಅಜ್ಜಿಯ ಕಾಲಿಗೆ ಮರಳಿದರೆ, ಅಲ್ಲಿ ಗಾಯವಿರಲಿಲ್ಲ, ಬಾವು ಇರಲಿಲ್ಲ. ದೀರ್ಘಕಾಲದ ಮಧುಮೇಹ ಪಾದದ ಸಣ್ಣ ನರಗಳನ್ನೇ ಕೆಡಿಸಿತ್ತು. ಕೆಟ್ಟ ನರ ಸುಮ್ಮನಿರುವುದಿಲ್ಲ. ಹೊರಗೆ ಯಾವ ಕಾರಣವೂ ಇಲ್ಲದೆ ತಾನೇ ತಾನಾಗಿ ಸುದ್ದಿ ಕಳುಹಿಸುತ್ತಿರುತ್ತದೆ. ಸುದ್ದಿ ಎಡೆಬಿಡದೆ ಬರತೊಡಗಿದಾಗ ಬೆನ್ನುಹುರಿಯ ನರಕೋಶಗಳು ಅತಿಸೂಕ್ಷ್ಮಗೊಳ್ಳುತ್ತವೆ. ಇದನ್ನು ಕ್ಲಿಫರ್ಡ್ ವೂಲ್ಫ್ 1983ರಲ್ಲಿ ಪ್ರಯೋಗದಿಂದ ತೋರಿಸಿದರು. ಆಮೇಲೆ ಹೊದಿಕೆಯ ಸ್ಪರ್ಶದಂತಹ ನಿರಪಾಯದ ಸಂಗತಿಯೂ ನೋವಾಗಿ ಪರಿಣಮಿಸುತ್ತದೆ. ಅಜ್ಜಿ ಹೇಳಿದ "ಹೊದಿಕೆ ತಾಗಿದರೂ" ಎಂಬ ಮಾತಿನಲ್ಲಿ ಈ ಇಡೀ ಅಧ್ಯಾಯ ಅಡಗಿತ್ತು.

ಅವರು ನಾಲ್ಕು ತಿಂಗಳು ನುಂಗಿದ ಮಾತ್ರೆಯಾದರೋ ಬೇರೆಯೇ ನೋವಿಗೆ ಸಲ್ಲುವುದು. ಆಸ್ಪಿರಿನ್ ಮತ್ತು ಅದರ ಬಳಗದ ಔಷಧಗಳು ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಹುಟ್ಟದಂತೆ ತಡೆಯುತ್ತವೆ ಎಂದು ಇಂಗ್ಲೆಂಡಿನ ಜಾನ್ ವೇನ್ 1971ರಲ್ಲಿ ಕಂಡುಕೊಂಡರು. ಪೆಟ್ಟು ಬಿದ್ದು ಊದಿಕೊಂಡ ಕಡೆ, ಹಲ್ಲು ಕಿತ್ತ ಕಡೆ, ಉರಿಯೂತವಿರುವ ಕೀಲಿನಲ್ಲಿ ಆ ರಾಸಾಯನಿಕ ಹೇರಳವಾಗಿರುವುದರಿಂದ ಅಲ್ಲಿ ಮಾತ್ರೆ ಕೆಲಸ ಮಾಡುತ್ತದೆ. ನರವೇ ಕೆಟ್ಟು ಹುಟ್ಟುವ ಉರಿಗೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಮಧುಮೇಹಿಗಳ ಮೂತ್ರಪಿಂಡಕ್ಕೆ ದೀರ್ಘಕಾಲದಲ್ಲಿ ಅಪಾಯವಂತೂ ಇದೆ. ನರದ ನೋವಿಗೆ ವೈದ್ಯರು ಆರಿಸುವ ಔಷಧಗಳ ಕುಲವೇ ಬೇರೆ: ಖಿನ್ನತೆಗೆಂದು ಬಳಕೆಗೆ ಬಂದ ಅಮಿಟ್ರಿಪ್ಟಿಲಿನ್, ಡುಲೋಕ್ಸೆಟಿನ್; ಅಪಸ್ಮಾರಕ್ಕೆಂದು ಬಂದ ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್. ಕ್ಯಾಪ್ಸೈಸಿನ್ ಕೂಡ ಲೇಪವಾಗಿ, ಪಟ್ಟಿಯಾಗಿ ಬಳಕೆಯಲ್ಲಿದೆ. ಉರಿಸುವ ವಸ್ತುವೇ ನರತುದಿಯನ್ನು ದಣಿಸಿ ಉರಿಯನ್ನು ತಗ್ಗಿಸುತ್ತದೆ. ಇವು ಯಾವುವೂ ಸ್ವಂತ ಬುದ್ಧಿಯಿಂದ ಕೊಂಡು ನುಂಗುವ ಮದ್ದುಗಳಲ್ಲ. ವೃದ್ಧರಲ್ಲಿ ಪ್ರಮಾಣವನ್ನು ಬಹಳ ಎಚ್ಚರದಿಂದ ನಿಶ್ಚಯಿಸಬೇಕಾಗುತ್ತದೆ. ಇಲ್ಲಿ ಗಮನಿಸಬೇಕಾದುದು ಬೇರೆ. ಯಾವ ಕುಲದ ಔಷಧ ಎಂಬುದನ್ನು ತೀರ್ಮಾನಿಸುವ ಮೊದಲ ಆಧಾರ ರೋಗಿಯ ಬಾಯಿಂದ ಬರುವ ವಿಶೇಷಣವೇ. ನರದ ನೋವನ್ನು ಬೇರ್ಪಡಿಸಲು ವೈದ್ಯರು ಬಳಸುವ ಪ್ರಶ್ನಾವಳಿಗಳು ಕೇಳುವುದೂ ಇದನ್ನೇ: ಉರಿಯುತ್ತದೆಯೇ, ಕರೆಂಟು ಹೊಡೆದಂತಾಗುತ್ತದೆಯೇ, ಜುಮ್ಮೆನ್ನುತ್ತದೆಯೇ, ಸೂಜಿ ಚುಚ್ಚಿದಂತಿದೆಯೇ, ಮರಗಟ್ಟಿದೆಯೇ?

ದ್ವಾರದ ಸಿದ್ಧಾಂತದ ಮೆಲ್ಜಾಕ್ ಅವರೇ ಈ ವಿಷಯದಲ್ಲಿಯೂ ಮೊದಲಿಗರು. ನೋವನ್ನು ಬಣ್ಣಿಸಲು ರೋಗಿಗಳು ಬಳಸುವ ಮಾತುಗಳನ್ನು ಅವರು ಕೂಡಿಹಾಕಿದರು. 1975ರಲ್ಲಿ ಪ್ರಕಟವಾದ ಮೆಕ್‌ಗಿಲ್ ನೋವಿನ ಪ್ರಶ್ನಾವಳಿಯಲ್ಲಿ 78 ಪದಗಳಿವೆ, 20 ಗುಂಪುಗಳಾಗಿ. ವೈದ್ಯವಿಜ್ಞಾನ ಒಂದು ನಿಘಂಟನ್ನು ಉಪಕರಣವಾಗಿ ಸ್ವೀಕರಿಸಿದ ಅಪರೂಪದ ಪ್ರಸಂಗವಿದು. ಆ ಪದಗಳು ಇಂಗ್ಲಿಷಿನವು. ಗಡಿನಾಡಿನ ಮನೆಗಳಲ್ಲಿ ಬೇರೆಯೇ ಒಂದು ನಿಘಂಟು ಬಾಯಿಂದ ಬಾಯಿಗೆ ಹರಿದುಬಂದಿದೆ. ತಲೆ ಸಿಡಿಯುತ್ತದೆ, ಹೊಟ್ಟೆ ಹಿಂಡುತ್ತದೆ, ಸೊಂಟದಲ್ಲಿ ಚಳುಕು, ಕೀಲಿನಲ್ಲಿ ಕಡಿತ, ಮೀನಖಂಡದಲ್ಲಿ ಸೆಳೆತ, ಕಾಲಿಗೆ ಜೋಮು, ಕುತ್ತಿಗೆ ಹಿಡಿದಿದೆ, ಕಾಲು ಉಳುಕಿದೆ, ಎದೆಯಲ್ಲಿ ಭಾರ. ತುಳು ಮಾತಾಡುವ ಮನೆಯಲ್ಲಿ ಇವೆಲ್ಲಕ್ಕೂ ಮೇಲೆ 'ಬೇನೆ' ಎಂಬ ಹೆಸರು. ಮಲಯಾಳವೂ ಇದರಲ್ಲಿ ಬಡವಾಗಿಲ್ಲ. ಉರಿಗೆ ಎರಿಚ್ಚಿಲ್, ಜೋಮಿಗೆ ತರಿಪ್ಪ್, ಕಾಲಿನ ಕಡಿತಕ್ಕೆ ಕಡಚ್ಚಿಲ್ ಎಂಬ ಸೊಗಸಾದ ಪದಗಳು ಅಲ್ಲಿವೆ. ಅಂದ ಮೇಲೆ ಎರಡು ಭಾಷೆಗಳ ನಡುವೆ ಗೋಡೆಯೇನೂ ಇಲ್ಲ. ದಾಟಿಸುವವನಿಗೆ ಆ ಪದಗಳು ತಿಳಿದಿಲ್ಲ, ಅಷ್ಟೆ. ತಿಳಿಯದಿದ್ದಾಗ ಎಲ್ಲವೂ 'ವೇದನ' ಎಂಬ ಒಂದೇ ಪಾತ್ರೆಗೆ ಸುರಿಯಲ್ಪಡುತ್ತವೆ.

ಸೊನ್ನೆಯಿಂದ ಹತ್ತರವರೆಗೆ ನೋವಿಗೆ ಅಂಕ ಕೊಡಿರೆಂದು ಕೇಳುವ ಪದ್ಧತಿ ಈಗ ಎಲ್ಲೆಡೆ ರೂಢಿಯಾಗಿದೆ. ಅಂಕಕ್ಕೆ ಭಾಷೆ ಬೇಡ ಎಂಬುದು ಅದರ ಅನುಕೂಲ. ಆದರೆ ಅದು ಎಷ್ಟು ಎಂದು ಕೇಳುತ್ತದೆಯೇ ಹೊರತು ಎಂತಹದು ಎಂದು ಕೇಳುವುದಿಲ್ಲ. ಉರಿಯೂ ಎಂಟಾಗಬಹುದು, ಹಲ್ಲುನೋವೂ ಎಂಟಾಗಬಹುದು. ಮದ್ದು ಮಾತ್ರ ಒಂದೇ ಆಗಲಾರದು.

ನ್ಯಾಯಶಾಸ್ತ್ರಕ್ಕೆ ಈ ತೊಡಕು ಅಪರಿಚಿತವಲ್ಲ. ನೋವಿಗೆ ಪ್ರತ್ಯಕ್ಷ ಸಾಕ್ಷಿ ಒಬ್ಬರೇ, ಅದನ್ನು ಅನುಭವಿಸುವವರು. ಸಾಮಾನ್ಯವಾಗಿ ಒಬ್ಬನು ತನ್ನ ಪರವಾಗಿ ತಾನೇ ಆಡಿದ ಮಾತಿಗೆ ನ್ಯಾಯಾಲಯ ಬೆಲೆ ಕೊಡುವುದಿಲ್ಲ. ಆದರೂ 1872ರ ಭಾರತೀಯ ಸಾಕ್ಷ್ಯ ಅಧಿನಿಯಮ ತನ್ನ 14ನೆಯ ಕಲಮಿನಲ್ಲಿ ಶರೀರದ ಸ್ಥಿತಿ ಮತ್ತು ಶಾರೀರಿಕ ಅನುಭವಗಳಿಗೆ ಜಾಗ ಕೊಟ್ಟಿತು. ಅಲ್ಲಿಯ ಒಂದು ದೃಷ್ಟಾಂತ ಹೀಗಿದೆ: ಒಬ್ಬನ ಸಾವು ವಿಷದಿಂದ ಆಯಿತೇ ಎಂಬುದು ಪ್ರಶ್ನೆಯಾಗಿದ್ದರೆ, ಕಾಯಿಲೆ ಮಲಗಿದ್ದಾಗ ಅವನು ತನ್ನ ಲಕ್ಷಣಗಳ ಬಗ್ಗೆ ಆಡಿದ ಮಾತುಗಳು ಸುಸಂಗತ ಸಂಗತಿಗಳು. 2024ರ ಜುಲೈ 1ರಿಂದ ಹಳೆಯ ಅಧಿನಿಯಮದ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ, 2023 ಬಂದಿದೆ. ಈ ತತ್ತ್ವ ಅದರಲ್ಲಿಯೂ ಉಳಿದಿದೆ. ಒಳಗಿನ ಅನುಭವವನ್ನು ಅನುಭವಿಸಿದವರ ನುಡಿಯಿಂದಲ್ಲದೆ ಬೇರೆ ದಾರಿಯಿಂದ ತಿಳಿಯಲಾಗದೆಂಬುದನ್ನು ಕಾನೂನು ಒಂದೂವರೆ ಶತಮಾನದ ಹಿಂದೆಯೇ ಒಪ್ಪಿಕೊಂಡಿತ್ತು. ನೋವಿನ ಅಧ್ಯಯನಕ್ಕೆಂದೇ ಇರುವ ಅಂತಾರಾಷ್ಟ್ರೀಯ ಸಂಘ 1979ರ ತನ್ನ ವ್ಯಾಖ್ಯೆಯನ್ನು 2020ರಲ್ಲಿ ಪರಿಷ್ಕರಿಸಿದಾಗ, ತನಗೆ ನೋವಿದೆಯೆಂದು ವ್ಯಕ್ತಿ ಹೇಳುವ ಮಾತನ್ನು ಗೌರವಿಸಬೇಕೆಂಬ ಟಿಪ್ಪಣಿಯನ್ನು ಸೇರಿಸಿತು. ಈ ಒಂದು ವಿಷಯದಲ್ಲಿ ವೈದ್ಯಶಾಸ್ತ್ರಕ್ಕಿಂತ ಕಾನೂನು ಮುಂದಿತ್ತೆಂದು ವಕೀಲರು ಹೆಮ್ಮೆಪಡಬಹುದು. ಅಂತಹ ಸಂದರ್ಭಗಳು ಹೆಚ್ಚಿಲ್ಲ.

ರೋಗಿಯ ಮಾತು ಚೀಟಿಗೆ ಇಳಿದ ಮೇಲೆ ಅದರ ಪ್ರಯಾಣ ಅಲ್ಲಿಗೆ ಮುಗಿಯುವುದೂ ಇಲ್ಲ. ರಸ್ತೆ ಅಪಘಾತದ ಪರಿಹಾರವನ್ನು ಲೆಕ್ಕಹಾಕುವಾಗ ನೋವು ಮತ್ತು ಯಾತನೆಗೆ ಪ್ರತ್ಯೇಕ ಬಾಬ್ತು ಉಂಟು. ಗಾಯಾಳುವಿಗೆ ಯಾವ ಯಾವ ಬಾಬ್ತುಗಳಲ್ಲಿ ಪರಿಹಾರ ಸಲ್ಲಬೇಕೆಂಬುದನ್ನು ಸರ್ವೋಚ್ಚ ನ್ಯಾಯಾಲಯ ರಾಜ್ ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ ವಿವರಿಸಿದೆ. ಅದಕ್ಕೆ ಆಧಾರ ಆಸ್ಪತ್ರೆಯ ಕಡತ. ಮೊದಲ ದಿನ ಕಡತದಲ್ಲಿ "ಕಾಲು ನೋವು" ಎಂದಷ್ಟೇ ಬರೆದಿದ್ದರೆ, ಎರಡು ವರ್ಷಗಳ ಮೇಲೆ ನ್ಯಾಯಮಂಡಳಿಯ ಮುಂದೆ "ಅಂದಿನಿಂದಲೇ ಕಾಲು ಮರಗಟ್ಟಿತ್ತು, ಉರಿಯುತ್ತಿತ್ತು" ಎಂದರೆ ಎದುರುಪಕ್ಷ ಕೇಳುವ ಮೊದಲ ಪ್ರಶ್ನೆ, ಇದು ಕಡತದಲ್ಲಿ ಏಕಿಲ್ಲ ಎಂಬುದೇ.

ಭಾಷೆಯ ಹಕ್ಕಿನ ಮಾತು ಬಂದಾಗ ಕಾಸರಗೋಡಿನ ಕನ್ನಡಿಗರಿಗೆ ನೆನಪಾಗುವುದು ಶಾಲೆ, ಅರ್ಜಿ ನಮೂನೆ, ನಾಮಫಲಕ. ಸಂವಿಧಾನದ 350ನೆಯ ಅನುಚ್ಛೇದ ಕುಂದುಕೊರತೆಯ ಮನವಿಯನ್ನು ಒಕ್ಕೂಟದ ಅಥವಾ ರಾಜ್ಯದ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಕೊಡುತ್ತದೆ; 350ಎ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಬಗ್ಗೆ ಹೇಳುತ್ತದೆ. ಕೇರಳದ 1969ರ ಅಧಿಕೃತ ಭಾಷೆಗಳ ಶಾಸನದ ವ್ಯವಸ್ಥೆಯಲ್ಲಿ ಕನ್ನಡ ಅಲ್ಪಸಂಖ್ಯಾತರು ಸರಕಾರದೊಂದಿಗೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ಮಾಡಲು ಅವಕಾಶವಿದೆ. ಇವೆಲ್ಲವೂ ಬರಹದ ಹಕ್ಕುಗಳು. ಮೇಜಿನಾಚೆ ಕುಳಿತ ವೈದ್ಯರಿಗೆ ಎರಡು ನಿಮಿಷದಲ್ಲಿ ಬಾಯಿಮಾತಿನಿಂದ ಹೇಳಬೇಕಾದ ಕುಂದುಕೊರತೆಗೆ ಅವುಗಳಿಂದ ನೇರ ನೆರವಿಲ್ಲ. ಅಲ್ಲಿ ನೆರವಾಗುವುದು ಬೇರೆ ದಾರಿ. ಚಿಕಿತ್ಸೆಗೆ ಒಪ್ಪಿಗೆ ಪಡೆಯುವ ಮುನ್ನ ರೋಗಿಗೆ ಸಾಕಷ್ಟು ಮಾಹಿತಿ ಕೊಟ್ಟಿರಬೇಕೆಂದು ಸರ್ವೋಚ್ಚ ನ್ಯಾಯಾಲಯ 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ರೂಪಿಸಿದ ರೋಗಿಗಳ ಹಕ್ಕುಗಳ ಸನ್ನದು, ಆ ಮಾಹಿತಿ ರೋಗಿಗೆ ತಿಳಿಯುವ ಭಾಷೆಯಲ್ಲಿರಬೇಕೆಂದು ಸೇರಿಸುತ್ತದೆ. ವೈದ್ಯರ ಮಾತು ರೋಗಿಗೆ ತಿಳಿಯಬೇಕೆಂದ ಮೇಲೆ ರೋಗಿಯ ಮಾತು ವೈದ್ಯರಿಗೆ ತಿಳಿಯಬೇಡವೇ? ಸನ್ನದು ಮಾಹಿತಿಯನ್ನು ಒಂದೇ ದಿಕ್ಕಿನಲ್ಲಿ ಹರಿಸಿರುವುದು ಅದರ ಕೊರತೆ. ಕನ್ನಡ ಬಲ್ಲ ಸಿಬ್ಬಂದಿಯೊಬ್ಬರು ಹೊರರೋಗಿ ವಿಭಾಗದಲ್ಲಿರಬೇಕೆಂಬ ಬೇಡಿಕೆ ಈ ದೃಷ್ಟಿಯಿಂದ ಭಾಷಾಭಿಮಾನದ ಬೇಡಿಕೆಯಲ್ಲ. ರಕ್ತಪರೀಕ್ಷೆಯ ಯಂತ್ರದಷ್ಟೇ ಅವಶ್ಯವಾದ ಒಂದು ಉಪಕರಣದ ಬೇಡಿಕೆ.

ಮಾತೇ ಬಾರದವರ ಪಾಡೇನು? ಇದಕ್ಕೆ ವೈದ್ಯಶಾಸ್ತ್ರ ಒಮ್ಮೆ ಕೊಟ್ಟ ಉತ್ತರ ನಾಚಿಕೆ ತರುವಂತಹದು. ಎಂಬತ್ತರ ದಶಕದವರೆಗೂ ಮುಂದುವರಿದ ದೇಶಗಳ ಹಲವು ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳಿಗೆ, ಅದರಲ್ಲಿಯೂ ಅವಧಿಗೆ ಮೊದಲು ಹುಟ್ಟಿದವುಗಳಿಗೆ, ಸಾಕಷ್ಟು ಅರಿವಳಿಕೆಯಿಲ್ಲದೆ ಶಸ್ತ್ರಚಿಕಿತ್ಸೆ ಮಾಡಲಾಗುತ್ತಿತ್ತು. ಸ್ನಾಯುಗಳು ಅಲುಗಾಡದಂತೆ ಮಾಡುವ ಔಷಧ ಕೊಟ್ಟರೆ ಶಿಶು ಅಳಲಾರದು, ಒದ್ದಾಡಲಾರದು. ನೋವು ಮಾತ್ರ ಹಾಗೆಯೇ ಇರುತ್ತದೆ. ಅವುಗಳ ನರಮಂಡಲ ಬೆಳೆದಿಲ್ಲ, ನೋವು ತಿಳಿಯದು ಎಂಬ ನಂಬಿಕೆ ಅದಕ್ಕೆ ಆಧಾರ. ಆಕ್ಸ್‌ಫರ್ಡಿನಲ್ಲಿ ಸಂಶೋಧನೆ ಮಾಡುತ್ತಿದ್ದ ಭಾರತೀಯ ಮೂಲದ ವೈದ್ಯ ಕೆ.ಜೆ.ಎಸ್. ಆನಂದ್, ಶಿಶುಗಳ ಮಾತಿಗೆ ಬದಲಾಗಿ ಅವುಗಳ ರಕ್ತವನ್ನು ಕೇಳಿದರು. ಹೃದಯದ ಬಳಿಯ ಒಂದು ನಾಳವನ್ನು ಕಟ್ಟುವ ಶಸ್ತ್ರಚಿಕಿತ್ಸೆಗೆ ಒಳಗಾದ ಅವಧಿಪೂರ್ವ ಶಿಶುಗಳಲ್ಲಿ, ಫೆಂಟನಿಲ್ ಎಂಬ ನೋವುನಿವಾರಕ ಪಡೆದವುಗಳ ರಕ್ತದಲ್ಲಿ ಒತ್ತಡದ ಹಾರ್ಮೋನುಗಳು ಕಡಿಮೆಯಿದ್ದವು. ಶಸ್ತ್ರಚಿಕಿತ್ಸೆಯ ನಂತರದ ತೊಡಕುಗಳೂ ಕಡಿಮೆಯಾದವು. 1987ರಲ್ಲಿ ಈ ಫಲಿತಾಂಶ ಪ್ರಕಟವಾದ ಮೇಲೆ ಹಳೆಯ ನಂಬಿಕೆ ನಿಲ್ಲಲಿಲ್ಲ.

ಮನೆಮಟ್ಟಿಗೆ ಇದರಿಂದ ಬಂದ ಪಾಠ ಸರಳ. ಲಸಿಕೆ ಹಾಕಿಸುವಾಗ ಶಿಶುವನ್ನು ಮಲಗಿಸಿ ಹಿಡಿಯುವುದಕ್ಕಿಂತ ತಾಯಿ ಎತ್ತಿಕೊಂಡಿರುವುದು, ಸಾಧ್ಯವಿದ್ದರೆ ಎದೆಹಾಲು ಕುಡಿಸುತ್ತಿರುವುದು, ಹೆಚ್ಚು ನೋಯಿಸುವ ಲಸಿಕೆಯನ್ನು ಕೊನೆಗೆ ಕೊಡುವುದು ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಿಂದ ಸಲಹೆ ಮಾಡುತ್ತಿದೆ. ಚುಚ್ಚುವ ಮುನ್ನ "ನೋವೇ ಆಗುವುದಿಲ್ಲ" ಎಂದು ದೊಡ್ಡ ಮಕ್ಕಳಿಗೆ ಸುಳ್ಳು ಹೇಳುವುದನ್ನು ನಿಲ್ಲಿಸಿದರೆ ಇನ್ನೂ ಒಳ್ಳೆಯದು. ಮುಂದಿನ ಸಲ ಆ ಮಗು ಹಿರಿಯರ ಯಾವ ಮಾತನ್ನೂ ನಂಬುವುದಿಲ್ಲ.

ಮಾತು ಬಾರದೆ ಬೆಳೆದ ಮಕ್ಕಳು ಕಾಸರಗೋಡಿಗೆ ದೂರದವರಲ್ಲ. ಗೇರುತೋಟಗಳ ಮೇಲೆ ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ವಿಮಾನದಿಂದ ಎಂಡೋಸಲ್ಫಾನ್ ಸಿಂಪಡಿಸಿದ ಊರುಗಳಲ್ಲಿ, ಎಣ್ಮಕಜೆಯಂತಹ ಕನ್ನಡದ ಪಂಚಾಯತುಗಳಲ್ಲಿಯೂ, ಇಂತಹ ಮಕ್ಕಳನ್ನು ಹೊತ್ತು ಸಾಕಿದ ತಾಯಂದಿರಿದ್ದಾರೆ. ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ಆ ವಿಷವನ್ನು ನಿಷೇಧಿಸಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಆದೇಶಿಸಿತು. ಆ ಮಕ್ಕಳಿಗೆ ಹೊಟ್ಟೆ ನೋಯುತ್ತಿದೆಯೋ, ಹಲ್ಲು ನೋಯುತ್ತಿದೆಯೋ, ಮಲಗಿದ ಬದಿ ಒತ್ತುತ್ತಿದೆಯೋ ಎಂಬುದನ್ನು ಯಾವ ಆದೇಶವೂ ಹೇಳಲಾರದು. ತಾಯಿ ಹೇಳಬಲ್ಲಳು. ಮುಖ, ಕಾಲು, ಚಲನೆ, ಅಳು, ಸಮಾಧಾನಗೊಳ್ಳುವ ಬಗೆ ಎಂಬ ಐದು ಅಂಶಗಳನ್ನು ನೋಡಿ ಅಂಕ ಕೊಡುವ ಒಂದು ಮಾಪಕ ವೈದ್ಯರಲ್ಲಿದೆ. ಬೌದ್ಧಿಕ ಬೆಳವಣಿಗೆ ಕುಂಠಿತವಾದ ಮಕ್ಕಳಿಗೆಂದು ಅದನ್ನು ಪರಿಷ್ಕರಿಸಿದಾಗ, ನೋವಾದಾಗ ಈ ಮಗು ವಿಶೇಷವಾಗಿ ಏನು ಮಾಡುತ್ತದೆ ಎಂಬುದನ್ನು ತಂದೆತಾಯಂದಿರಿಂದ ಕೇಳಿ ಬರೆದುಕೊಳ್ಳಲು ಜಾಗ ಬಿಡಲಾಯಿತು. ಒಂದು ಮಗು ನೋವಾದಾಗ ನಗಬಹುದು, ಇನ್ನೊಂದು ಉಸಿರು ಬಿಗಿಹಿಡಿಯಬಹುದು. ಅದನ್ನು ಬಲ್ಲ ಒಬ್ಬಳೇ ಸಾಕ್ಷಿಯೂ ಕನ್ನಡವನ್ನೋ ತುಳುವನ್ನೋ ಮಾತ್ರ ಬಲ್ಲವಳಾಗಿದ್ದರೆ, ಅಲ್ಲಿ ಎರಡು ಸಲ ಭಾಷಾಂತರವಾಗಬೇಕು.

ಕೇರಳ ಈ ವಿಷಯದಲ್ಲಿ ಹೆಮ್ಮೆಪಡುವಂತಹ ಕೆಲಸವನ್ನೂ ಮಾಡಿದೆಯೆಂಬುದನ್ನು ಮರೆಯಬಾರದು. 1985ರ ಮಾದಕ ವಸ್ತುಗಳ ಅಧಿನಿಯಮ ಎಷ್ಟು ಬಿಗಿಯಾಗಿತ್ತೆಂದರೆ ಕ್ಯಾನ್ಸರ್ ರೋಗಿಗಳಿಗೆ ಮಾರ್ಫಿನ್ ಸಿಗುವುದೇ ದುರ್ಲಭವಾಯಿತು. ಕೋಯಿಕ್ಕೋಡಿನ ವೈದ್ಯಕೀಯ ಕಾಲೇಜಿನಲ್ಲಿ 1993ರಲ್ಲಿ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಡಾ. ಸುರೇಶ್ ಕುಮಾರ್ ಮೊದಲಾದವರು ನೋವು ಮತ್ತು ಉಪಶಮನ ಚಿಕಿತ್ಸೆಯ ಸಂಘವನ್ನು ಕಟ್ಟಿದರು. ರಾಜ್ಯ ಸರಕಾರ 2008ರಲ್ಲಿ ಉಪಶಮನ ಚಿಕಿತ್ಸೆಗೆ ನೀತಿಯನ್ನೇ ಪ್ರಕಟಿಸಿತು. ಸಂಸತ್ತು 2014ರಲ್ಲಿ ಅಧಿನಿಯಮವನ್ನು ತಿದ್ದಿ ದಾರಿಯನ್ನು ಸಡಿಲಿಸಿತು. ಇಂದು ಪಂಚಾಯತಿನ ಉಪಶಮನ ಚಿಕಿತ್ಸೆಯ ದಾದಿ ಹಾಸಿಗೆ ಹಿಡಿದವರ ಮನೆಬಾಗಿಲಿಗೆ ಬರುವುದು ಆ ಚಳವಳಿಯ ಫಲ. ಮನೆಯ ಚಾವಡಿಯಲ್ಲಿ ಕುಳಿತು ಕೇಳಲು ಅವರಿಗೆ ಸಮಯವಿರುತ್ತದೆ.

ಅಜ್ಜಿಯ ಕಥೆ ತಿರುಗಿದ್ದೂ ಹೀಗೆಯೇ. ನೆರೆಮನೆಯ ರೋಗಿಯನ್ನು ನೋಡಲು ಬಂದ ದಾದಿ, ಕುಂಬಳೆಯ ಕಡೆಯವರು, ಅಜ್ಜಿ ಕಾಲನ್ನು ತಣ್ಣೀರಿನ ಬಾಲ್ದಿಯಲ್ಲಿ ಇಳಿಬಿಟ್ಟು ಕುಳಿತಿದ್ದನ್ನು ಬೇಲಿಯಾಚೆಯಿಂದ ಕಂಡರು.

"ಎಂತ ಅಜ್ಜೀ, ಕಾಲಿಗೆ ಎಂತ ಆಗ್ತದೆ?"

"ಎಂತ ಹೇಳುವುದು ಮಗಾ, ಕೆಂಡದ ಮೇಲೆ ಇಟ್ಟ ಹಾಗೆ. ನೋವಲ್ಲ, ಉರಿ."

ನೋವಲ್ಲ, ಉರಿ. ನಾಲ್ಕು ತಿಂಗಳಲ್ಲಿ ಮೊದಲ ಸಲ ಆ ವ್ಯತ್ಯಾಸ ಒಂದು ಅರಿಯುವ ಕಿವಿಗೆ ಬಿತ್ತು. ದಾದಿ ಒಳಗೆ ಬಂದು ಕುಳಿತರು. ಅಜ್ಜಿ ನುಂಗುತ್ತಿದ್ದ ಮಾತ್ರೆಯ ಪಟ್ಟಿಯನ್ನು ತರಿಸಿ ನೋಡಿದರು. ಅದನ್ನು ನಿಲ್ಲಿಸುವ ಬಗ್ಗೆ ವೈದ್ಯರನ್ನು ನಾಳೆಯೇ ಕೇಳಬೇಕೆಂದರು. ಬಾಲ್ದಿಯಲ್ಲಿ ಕಾಲಿಡುವುದೂ ಒಳ್ಳೆಯದಲ್ಲ, ಮರಗಟ್ಟಿದ ಪಾದಕ್ಕೆ ಗಾಯವಾದರೆ ತಿಳಿಯುವುದಿಲ್ಲ ಎಂದು ಎಚ್ಚರಿಸಿದರು. ಆಮೇಲೆ ಹುಡುಗನಿಂದ ನೋಟುಪುಸ್ತಕದ ಒಂದು ಹಾಳೆ ಹರಿಸಿ ಬರೆಸಿದರು: ಎಲ್ಲಿ, ಎಂತಹದು, ಯಾವ ಹೊತ್ತಿಗೆ ಹೆಚ್ಚು, ಏನು ತಾಗಿದರೆ ಹೆಚ್ಚು, ಎಷ್ಟು ದಿನದಿಂದ. ಅಜ್ಜಿ ಹೇಳಿದ ಪದವನ್ನೇ ಬರೆಯಬೇಕೆಂದೂ, ತನ್ನದನ್ನು ಸೇರಿಸಬಾರದೆಂದೂ ಹುಡುಗನಿಗೆ ತಾಕೀತು ಮಾಡಿದರು. ಸಾಕ್ಷಿಯ ಹೇಳಿಕೆಯನ್ನು ಬರೆದುಕೊಳ್ಳುವವರಿಗೆಲ್ಲ ಇರಬೇಕಾದ ಶಿಸ್ತು ಅದು.

ಮರುದಿನ ಅದೇ ವೈದ್ಯರು ಆ ಹಾಳೆಯನ್ನು ಕೇಳಿ ತಿಳಿದರು. ಅಜ್ಜಿಯ ಪಾದವನ್ನು ಹತ್ತಿಯಿಂದ ಸವರಿ, ಸೂಜಿಯ ಮೊನೆ ತಾಗಿಸಿ, ಕಂಪಿಸುವ ಕವೆಗೋಲನ್ನು ಹೆಬ್ಬೆರಳಿಗೆ ಒತ್ತಿ ಪರೀಕ್ಷಿಸಿದರು. ಹಳೆಯ ಮಾತ್ರೆ ನಿಂತಿತು. ಮೂತ್ರಪಿಂಡದ ಪರೀಕ್ಷೆಗೆ ಬರೆದುಕೊಟ್ಟರು. ರಾತ್ರಿ ಮಲಗುವಾಗ ನುಂಗಲು ಬೇರೊಂದು ಮಾತ್ರೆ, ಬಹಳ ಚಿಕ್ಕ ಪ್ರಮಾಣದಲ್ಲಿ. ಮೂರನೆಯ ವಾರ ಅಜ್ಜಿ ಕಾಲಿನ ಮೇಲೆ ಹೊದಿಕೆ ಎಳೆದುಕೊಂಡು ಮಲಗಿದರು. ಉರಿ ಪೂರ್ತಿ ಹೋಗಿಲ್ಲ; ಕೆಟ್ಟ ನರ ಹಿಂದಿನಂತಾಗುವುದಿಲ್ಲ ಎಂದು ವೈದ್ಯರು ಮೊದಲೇ ಹೇಳಿದ್ದರು.

ಹುಡುಗ ಆ ಹಾಳೆಯ ಹಿಂಬದಿಯಲ್ಲಿ ಈಗ ಒಂದು ಪಟ್ಟಿ ಮಾಡುತ್ತಿದ್ದಾನೆ. ಎಡಗಡೆ ಜೋಮು, ಬಲಗಡೆ ತರಿಪ್ಪ್. ಎಡಗಡೆ ಉರಿ, ಬಲಗಡೆ ಎರಿಚ್ಚಿಲ್. ಚಳುಕಿನ ಎದುರಿಗೆ ಏನು ಬರೆಯಬೇಕೆಂದು ದಾದಿ ಮುಂದಿನ ವಾರ ಬಂದಾಗ ಕೇಳಬೇಕೆಂದಿದ್ದಾನೆ.